ಸಹಾಯ ಬೇಕು: ನೇರ ಪಿಯರಿಂಗ್ ಇದ್ದರೂ ಟ್ರಾಫಿಕ್ ಟ್ರಾನ್ಸಿಟ್‌ನಲ್ಲೇ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದವನು. ಪೆರ್ಲ, ಕುಂಬಳೆ ಕಡೆಯ ಮನೆಗಳಿಗೆ ಇಂಟರ್‌ನೆಟ್ ಕೊಡುವ ಸಣ್ಣ ಸಂಸ್ಥೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ.

ಹೋದ ತಿಂಗಳು ಚೆನ್ನೈಯ ಡೇಟಾ ಸೆಂಟರ್‌ನಲ್ಲಿ ಒಂದು ದೊಡ್ಡ ಕ್ಲೌಡ್ ಕಂಪನಿಯ ಜೊತೆ ನೇರ ಪಿಯರಿಂಗ್ (ಮಧ್ಯೆ ಬೇರೆಯವರಿಲ್ಲದೆ ಎರಡು ನೆಟ್‌ವರ್ಕ್‌ಗಳ ಜೋಡಣೆ) ಮಾಡಿಕೊಂಡೆವು. ಬಿಜಿಪಿ (ನೆಟ್‌ವರ್ಕ್‌ಗಳು ಪರಸ್ಪರ ದಾರಿ ತಿಳಿಸುವ ಪ್ರೋಟೋಕಾಲ್) ಸೆಷನ್ ಸರಿಯಾಗಿಯೇ ಇದೆ. ನಮ್ಮಿಂದ ಹೋಗುವ ಟ್ರಾಫಿಕ್ ಆ ಲಿಂಕ್‌ನಲ್ಲೇ ಹೋಗುತ್ತದೆ. ವಾಪಸ್ ಬರುವುದು ಮಾತ್ರ ಟ್ರಾನ್ಸಿಟ್‌ನಲ್ಲಿ, ಅಂದರೆ ಇಡೀ ಇಂಟರ್‌ನೆಟ್ ತಲುಪಲು ನಾವು ದುಡ್ಡು ಕೊಟ್ಟು ಪಡೆಯುವ ಸಂಪರ್ಕದಲ್ಲಿ. ಮನೆಗಳ ಬಳಕೆಯಲ್ಲಿ ಜಾಸ್ತಿ ಇರುವುದೇ ಡೌನ್‌ಲೋಡ್ ಅಲ್ವಾ? ಹಾಗಾಗಿ ಟ್ರಾನ್ಸಿಟ್ ಬಿಲ್ ಸ್ವಲ್ಪವೂ ಇಳಿದಿಲ್ಲ.

ನನಗೆ ಹೊಳೆದ ಕಾರಣ ಇದು. ಪಿಯರಿಂಗ್‌ನಲ್ಲಿ ನಾವು ನಮ್ಮ ಐಪಿ ವಿಳಾಸಗಳನ್ನು ಒಂದೇ /22 ಪ್ರಿಫಿಕ್ಸ್ (ವಿಳಾಸಗಳ ಬ್ಲಾಕ್) ಆಗಿ ಕೊಡುತ್ತೇವೆ. ಟ್ರಾನ್ಸಿಟ್‌ಗೆ ಅದನ್ನೇ ನಾಲ್ಕು /24 ಆಗಿ ಒಡೆದು ಕೊಟ್ಟಿದ್ದೇವೆ. ರೂಟರ್ ಉದ್ದದ (ಅಂದರೆ ಸಣ್ಣ ಬ್ಲಾಕಿನ) ಪ್ರಿಫಿಕ್ಸನ್ನೇ ಆರಿಸುತ್ತದೆ, ಲೋಕಲ್ ಪ್ರಿಫರೆನ್ಸ್ (ಒಂದು ದಾರಿಗೆ ನೆಟ್‌ವರ್ಕ್ ಕೊಡುವ ಆದ್ಯತೆ) ಎಷ್ಟಿದ್ದರೂ ಅಷ್ಟೇ. ಪಿಯರಿಂಗ್‌ನಲ್ಲೂ /24ಗಳನ್ನು ಕೊಡಲೇ? ಇಲ್ಲಾ ಟ್ರಾನ್ಸಿಟ್‌ನಿಂದ ತೆಗೆಯಲೇ? ಆರ್‌ಒಎಯಲ್ಲಿ (ಯಾವ ಪ್ರಿಫಿಕ್ಸನ್ನು ಯಾರು ಪ್ರಕಟಿಸಬಹುದೆಂಬ ದೃಢೀಕೃತ ದಾಖಲೆ) ಗರಿಷ್ಠ ಉದ್ದ 24 ಇದೆ, ಅದನ್ನು ಎರಡು ಸಲ ನೋಡಿದ್ದೇನೆ. ಆ ಕಂಪನಿ ನಮಗಿಟ್ಟಿರುವ ಪ್ರಿಫಿಕ್ಸ್ ಸಂಖ್ಯೆಯ ಮಿತಿ ದಾಟಿ ಸೆಷನ್ ಬಿದ್ದರೆ ಎಂಬ ಹೆದರಿಕೆಯೂ ಇದೆ.

ಇನ್ನೊಂದು ವಿಷಯ. ಚೆನ್ನೈವರೆಗಿನ ಲಿಂಕ್ ಬಾಡಿಗೆಯದು. ಮೊನ್ನೆ ಮಳೆಗೆ ಮಧ್ಯದಲ್ಲಿ ಫೈಬರ್ ತುಂಡಾಯಿತು. ನಮ್ಮ ಪೋರ್ಟ್ ಮಾತ್ರ ಅಪ್ ಅಂತಲೇ ತೋರಿಸುತ್ತಿತ್ತು. ಹೋಲ್ಡ್ ಟೈಮ್ (ಆ ಕಡೆಯಿಂದ ಸಂದೇಶ ಬಾರದಿದ್ದರೂ ಬಿಜಿಪಿ ಕಾಯುವ ಸಮಯ) 180 ಸೆಕೆಂಡ್. ಮೂರು ನಿಮಿಷ ಆ ಕ್ಲೌಡ್‌ನ ಸೇವೆಗಳೆಲ್ಲ ನಿಂತವು. ಆನ್‌ಲೈನ್ ಪರೀಕ್ಷೆಗೆ ಕೂತ ಮಕ್ಕಳ ಮನೆಯವರು ಫೋನ್ ಮಾಡಿದಾಗ ತುಂಬಾ ಬೇಜಾರಾಯಿತು. ಬಿಎಫ್‌ಡಿ (ಲಿಂಕ್ ಕೆಟ್ಟದ್ದನ್ನು ಬೇಗ ಪತ್ತೆಮಾಡುವ ವ್ಯವಸ್ಥೆ) ಹಾಕಲು ಆ ಕಡೆಯವರು ಒಪ್ಪದಿದ್ದರೆ ಹೋಲ್ಡ್ ಟೈಮ್ 30ಕ್ಕೆ ಇಳಿಸಬಹುದೇ?

ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಕಾನ್ಫಿಗರೇಶನ್ ಬೇಕಿದ್ದರೆ ಹಾಕುತ್ತೇನೆ.