ಟಿವಿ ಸ್ಟ್ಯಾಂಡ್ ಮನೆಯಲ್ಲೇ ಮಾಡಬೇಕು ಅಂತಿದ್ದೇನೆ, ಮಾಡಿದವರು ಸ್ವಲ್ಪ ಹೇಳಿ

ಕೇಳಿದವರು, ಹಾಸನ
ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯಬೇಡಿ ಅಂತ ಓನರ್ ಮೊದಲೇ ಹೇಳಿದ್ದಾರೆ, ಹಾಗಾಗಿ 43 ಇಂಚಿನ ಟಿವಿ ಸದ್ಯಕ್ಕೆ ಊಟದ ಟೇಬಲ್ ಮೇಲೆ ಕೂತಿದೆ. ರೆಡಿಮೇಡ್ ಸ್ಟ್ಯಾಂಡ್ ನೋಡಿದೆ, ಕೇಳುವ ದುಡ್ಡಿಗೂ ಮಾಲಿಗೂ ಸಂಬಂಧವೇ ಇಲ್ಲ. ಡ್ರಿಲ್ ಇದೆ, ಭಾನುವಾರ ಬಿಡುವೂ ಇದೆ. ಯಾವ ಹಲಗೆ, ಎಷ್ಟು ಎತ್ತರ, ಎಲ್ಲಿ ಎಡವುತ್ತೇವೆ? ನಿಮ್ಮ ಅನುಭವ ಹೇಳಿ.

ಮೂಡಿಗೆರೆ ಕಡೆಯವರು
ಮರದ ನಾರು, ಪುಡಿ ಅಂಟಿಸಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಕಡೆ ತಿರುಗಿಯೂ ನೋಡಬೇಡಿ. ಹಾಸನದಲ್ಲಿ ಅಷ್ಟು ಗೊತ್ತಾಗಲಿಕ್ಕಿಲ್ಲ, ನಮ್ಮಲ್ಲಿ ಮಳೆಗಾಲ ಹಿಡಿದರೆ ಬೀರುವಿನ ಒಳಗಿರುವ ಚಪ್ಪಲಿಗೂ ಬೂಷ್ಟು. ಪಾರ್ಟಿಕಲ್ ಬೋರ್ಡಿನ ಬುಡ ನೆಲ ಒರೆಸುವ ನೀರನ್ನೇ ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗುತ್ತದೆ, ಆದರೆ ಉಬ್ಬಿದ್ದು ಇಳಿಯಲ್ಲ. ಆಮೇಲೆ ಸ್ಕ್ರೂ ಸುಮ್ನೆ ಸುತ್ತುತ್ತದೆ, ಹಿಡಿಯಲ್ಲ.

18 ಎಂಎಂ ಪ್ಲೈವುಡ್ ತಗೊಳ್ಳಿ. ಅಂಗಡಿಯವರು ಎಂಆರ್ ಪ್ಲೈ ತೋರಿಸಿ ವಾಟರ್‌ಪ್ರೂಫ್ ಅಂದರೆ ನಂಬಬೇಡಿ. ಅದು ಗಾಳಿಯ ತೇವ ತಡೆಯುತ್ತದೆ, ನೀರನ್ನಲ್ಲ. ಐಎಸ್ 710 ಅಂತ ಮುದ್ರೆ ಇದ್ದರೆ ಅದು ನೀರು ತಡೆಯುವ ಮರೀನ್ ಪ್ಲೈ. ದುಡ್ಡು ಜಾಸ್ತಿ, ಆದರೆ ಮಲೆನಾಡಿನಲ್ಲಿ ಅದೇ ಲೇಸು. ಎಷ್ಟೇ ಒಳ್ಳೆಯ ಪ್ಲೈ ಆದರೂ ಕತ್ತರಿಸಿದ ಅಂಚಿಗೆ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಅಥವಾ ಎರಡು ಕೋಟ್ ವಾರ್ನಿಶ್ ಬೇಕೇ ಬೇಕು, ತೇವ ಒಳಗೆ ಹೋಗುವುದೇ ಅಲ್ಲಿಂದ. ಮೈಕಾ ಹಾಕುವುದಾದರೆ ಹಲಗೆಯ ಎರಡೂ ಕಡೆ ಹಾಕಿ. ಒಂದೇ ಕಡೆ ಹಾಕಿದರೆ ಹಲಗೆ ಬಿಲ್ಲಾಗುತ್ತದೆ.

ತೋಟದ ಸಿಲ್ವರ್ ಓಕ್ ಕೊಯ್ಸಿದರೆ ಪುಕ್ಕಟೆ ಅಲ್ವಾ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಹಸಿ ಹಲಗೆ ತಂದು ಮಾಡಿದರೆ ತಿರುಚಿಕೊಳ್ಳುತ್ತದೆ, ಹುಳವೂ ಬೀಳುತ್ತದೆ. ಹಲಗೆಗಳ ನಡುವೆ ರೀಪು ಕೊಟ್ಟು, ನೆರಳಲ್ಲಿ ಗಾಳಿಯಾಡುವ ಹಾಗೆ ಜೋಡಿಸಿ, ಇಂಚು ದಪ್ಪಕ್ಕೆ ವರ್ಷ ಅಂತ ಒಣಗಿಸುವ ತಾಳ್ಮೆ ಇದ್ದರೆ ಮಾತ್ರ ಆ ದಾರಿ. ಹಳೇ ಮನೆ ಕೆಡವಿದಾಗ ಸಿಕ್ಕ ಹಲಸಿನ ಹಲಗೆ ಇದ್ದರೆ ಮಾತೇ ಬೇರೆ, ಅದನ್ನು ಕಣ್ಣುಮುಚ್ಚಿ ಬಳಸಿ.

ಹಾಸನ, ಸ್ವಂತ ಕೈಯಲ್ಲಿ ಮಾಡಿಕೊಂಡವರು
ಮೇಲಿನವರು ಮರದ ಬಗ್ಗೆ ಹೇಳಿಯಾಯಿತು, ನಾನು ಅಳತೆ ಹೇಳುತ್ತೇನೆ. 8x4 ಅಡಿಯ ಒಂದೇ ಪ್ಲೈ ಹಾಳೆ ಸಾಕು. ಮನೆಯಲ್ಲಿ ಕೈಗರಗಸದಲ್ಲಿ ಕೊಯ್ಯಲು ಹೋಗಬೇಡಿ, ಗೆರೆ ನೇರ ಬರುವುದು ಕಷ್ಟ. ಕೊಯ್ದು ಕೊಡುವ ಅಂಗಡಿ ನೋಡಿಕೊಂಡು ಅಲ್ಲೇ ತಗೊಳ್ಳಿ. ಉದ್ದಕ್ಕೆ ಮೂರು ಪಟ್ಟಿ ಮಾಡಿಸಿ. ಲೆಕ್ಕದಲ್ಲಿ ತಲಾ 16 ಇಂಚು ಬರಬೇಕು, ಆದರೆ ಗರಗಸ ಒಂದೊಂದು ಕೊಯ್ತಕ್ಕೂ ಸುಮಾರು 3 ಎಂಎಂ ತಿನ್ನುತ್ತದೆ, ಅದಕ್ಕೆ 15 ಮುಕ್ಕಾಲು ಅಂತ ಬರೆದುಕೊಡಿ. ಮೊದಲ ಪಟ್ಟಿಯಲ್ಲಿ ಮೇಲಿನ ಹಲಗೆ, ಕೆಳಗಿನ ಹಲಗೆ, ತಲಾ 47 ಮುಕ್ಕಾಲು. ಎರಡನೆಯದರಲ್ಲಿ 20 ಇಂಚಿನ ನಿಲುವು ಮೂರು, ಎರಡು ಪಕ್ಕಕ್ಕೆ, ಒಂದು ನಡುವಿಗೆ. ಮೂರನೆಯದು ಶೆಲ್ಫಿಗೆ. ನಡುವಿನ ನಿಲುವು ಯಾಕೆ ಅಂತ ಬಿಡಬೇಡಿ, ನಾಲ್ಕು ಅಡಿ ಹಲಗೆ ನಡುವೆ ಆಧಾರವಿಲ್ಲದೆ ಬರಬರುತ್ತಾ ಜೋಲುತ್ತದೆ.

ಪ್ಲೈ ಅಂಚಿಗೆ ನೇರವಾಗಿ ಸ್ಕ್ರೂ ತಿರುಗಿಸಿದರೆ ಪದರ ಸೀಳುತ್ತದೆ. ಮೇಲಿನ ಹಲಗೆಯ ತುದಿಯಿಂದ 9 ಎಂಎಂ ಒಳಗೆ ಪೆನ್ಸಿಲ್ ಗೆರೆ ಎಳೆಯಿರಿ, ಆಗ ಸ್ಕ್ರೂ ಅದರ ಕೆಳಗಿರುವ ಪಕ್ಕದ ನಿಲುವಿನ ನಟ್ಟನಡುವೆ ಇಳಿಯುತ್ತದೆ. 3 ಎಂಎಂ ಬಿಟ್‌ನಲ್ಲಿ ತೂತು ಮಾಡಿ, ಅಂಟು ಹಚ್ಚಿ, ಒಂದೂವರೆ ಇಂಚಿನ ಸ್ಕ್ರೂ. ಎಲ್ಲ ಬಿಗಿದ ಮೇಲೆ ಪಕ್ಕಕ್ಕೆ ತಳ್ಳಿ ನೋಡಿ, ವಾಲುತ್ತದೆ! ಆ ವಾಲಾಟ ನಿಲ್ಲಿಸುವುದು ಹಿಂದೆ ಹೊಡೆಯುವ 6 ಎಂಎಂ ಪ್ಲೈ. ಅದನ್ನು ಹೊಡೆಯುವ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿಯಿರಿ, ಎರಡೂ ಒಂದೇ ಬಂದರೆ ಪೆಟ್ಟಿಗೆ ಮೂಲೆಮಟ್ಟ ಇದೆ ಅಂತ.

ಎತ್ತರ? ಸೋಫಾದಲ್ಲಿ ಕೂತು ನೆಲದಿಂದ ಕಣ್ಣಿಗೆ ಅಳೆಯಿರಿ, ಹೆಚ್ಚುಕಡಿಮೆ 38 ಇಂಚು ಬರುತ್ತದೆ. 43 ಇಂಚಿನ ಟಿವಿಯ ನಡುಭಾಗ ಅದರ ಕಾಲು ಸೇರಿ ಸುಮಾರು 13 ಇಂಚಿನ ಮೇಲಿರುತ್ತದೆ. ತಳಕ್ಕೆ ಕೂರಿಸುವ ಬುಷ್ ಕಾಲು ಸೇರಿ ಸ್ಟ್ಯಾಂಡ್ 24 ಇಂಚು ನಿಂತರೆ ಕತ್ತು ನೋಯಲ್ಲ. ಚಾಪೆ ಹಾಸಿ ಕೂರುವ ಮನೆಯಾದರೆ ಇನ್ನೂ ತಗ್ಗಿಸಿ.

ಅರಸೀಕೆರೆಯವರು
ಇಷ್ಟೆಲ್ಲ ಯಾಕೆ ಸ್ವಾಮಿ. ಒಂದು ಇಂಚಿನ ಸ್ಕ್ವೇರ್ ಪೈಪ್, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಫ್ರೇಮ್, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು ಮೇಲೊಂದು ಕಪ್ಪು ಪೇಂಟ್, ಮೇಲೆ ಪ್ಲೈ ಹಲಗೆ. ಮುಗೀತು. ನಾಲ್ಕು ಕಾಲಿಗೂ ರಬ್ಬರ್ ಬುಷ್ ಹಾಕಿ, ಇಲ್ಲದಿದ್ದರೆ ಟೈಲ್ಸ್ ಮೇಲೆ ಗೀರು ಬಿದ್ದು ಓನರ್ ಅಡ್ವಾನ್ಸ್ ಹಿಡಿದುಕೊಳ್ಳುತ್ತಾರೆ.

ಸಕಲೇಶಪುರದವರು
ಅರಸೀಕೆರೆಯವರ ಫ್ರೇಮ್ ಚೆನ್ನಾಗಿದೆ, ನಮ್ಮ ಮಳೆಗೆ ಮಾತ್ರ ಬೆಸುಗೆ ಜಾಗದಲ್ಲೇ ಮೊದಲು ತುಕ್ಕು.

ಯಾರೂ ಹೇಳದ ವಿಷಯ ಪ್ಲಗ್. ಕಾಫಿಗೆ ಹೂಮಳೆ ಬೀಳುವ ಹೊತ್ತಿನಿಂದ ಮೇ ಮುಗಿಯುವವರೆಗೆ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳಬೇಕು, ಡಿಶ್ ಕೇಬಲ್ ಕೂಡ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು, ಕೇಬಲ್ ದಾರಿಯಲ್ಲೂ ಸಿಡಿಲಿನ ಹೊಡೆತ ಬರುತ್ತದೆ. ಸ್ಪೈಕ್ ಗಾರ್ಡ್ ಇದೆ ಅಂತ ಧೈರ್ಯ ಮಾಡಬೇಡಿ. ಸ್ಟ್ಯಾಂಡನ್ನು ಪ್ಲಗ್ ಪಾಯಿಂಟ್ ಮುಂದೆಯೇ ಕೂರಿಸಬೇಡಿ, ಕರೆಂಟ್ ಹೋದ ಕತ್ತಲಲ್ಲಿ ಟಿವಿ ಹಿಂದೆ ಕೈ ತೂರಿಸಿ ಹುಡುಕುವ ಪಾಡು ಯಾರಿಗೂ ಬೇಡ. ಎಕ್ಸ್‌ಟೆನ್ಷನ್ ಬೋರ್ಡನ್ನೇ ಸ್ಟ್ಯಾಂಡಿನ ಪಕ್ಕದ ಹಲಗೆಗೆ ಹೊರಗಡೆಯಿಂದ ಕೂರಿಸಿ, ಅದರ ವೈರ್ ಗೋಡೆಗೆ ಹೋಗುವ ಪ್ಲಗ್ ಕಣ್ಣೆದುರೇ ಇರಲಿ. ವೈರ್ ಹೋಗಲು ಹಿಂದಿನ ಪ್ಲೈಗೆ ಎರಡು ಇಂಚಿನ ಹೋಲ್ ಸಾದಲ್ಲಿ (ಡ್ರಿಲ್‌ಗೆ ಹಾಕುವ ದುಂಡು ಗರಗಸ) ತೂತು ಹಾಕಿ, ಸೆಟ್ ಟಾಪ್ ಬಾಕ್ಸ್ ಇಡುವ ಕಡೆ ಇನ್ನೂ ದೊಡ್ಡದಾಗಿ ಕತ್ತರಿಸಿ, ಬಾಕ್ಸ್ ಬಿಸಿಯಾಗುತ್ತದೆ. ಗೋಡೆಗೂ ಸ್ಟ್ಯಾಂಡಿಗೂ ಎರಡು ಮೂರು ಇಂಚು ಬಿಡಿ.

ಚಿಕ್ಕಮಗಳೂರಿನವರು
ಮನೆಯಲ್ಲಿ ಮಕ್ಕಳಿದ್ದಾರಾ? ಅದನ್ನು ಕೇಳಬೇಕಿತ್ತು. ಡ್ರಾಯರ್ ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ, ಟಿವಿ ಮುಂದಕ್ಕೆ ಬರುತ್ತದೆ. ಮೊಳೆ ಹೊಡೆಯುವ ಹಾಗಿಲ್ಲ ಅಂದಿರಿ, ಹಾಗಾದರೆ ಟಿವಿ ಹಿಂದಿನ ವಾಲ್ ಮೌಂಟ್ ತೂತಿನಿಂದ ಒಂದು ನೈಲಾನ್ ಪಟ್ಟಿ ತಂದು ಸ್ಟ್ಯಾಂಡಿನ ಹಿಂಭಾಗಕ್ಕೆ ಬಿಗಿಯಿರಿ, 6 ಎಂಎಂ ಪ್ಲೈಗಲ್ಲ, 18 ಎಂಎಂ ಹಲಗೆಗೆ. ಕೆಳಗಿನ ಅಂಕಣದಲ್ಲಿ ಭಾರದ ಸಾಮಾನು ಇಡಿ, ಹಳೇ ಸ್ಟೆಬಿಲೈಸರ್ ಇದ್ದರೂ ಆಗುತ್ತದೆ. ಡ್ರಾಯರ್ ಮಾಡಲೇಬೇಡಿ ಅನ್ನೋದು ನನ್ನ ಅಭಿಪ್ರಾಯ. ಹೊಸಬರಿಗೆ ಅದು ಜಾರುವ ಚಾನೆಲ್ ಮಟ್ಟ ಮಾಡುವುದೇ ಒಂದು ಭಾನುವಾರದ ಕೆಲಸ.