ಇನ್ಫೋಸಿಸ್ ಒಂದೇ, ಐಎಸ್‌ಐಎನ್ ಮಾತ್ರ ಎರಡು, ಯಾಕೆ?

ತುಂಗಾತೀರ:
ಅಪ್ಪನ ಡಿಮ್ಯಾಟ್ ಸ್ಟೇಟ್‌ಮೆಂಟಿನಲ್ಲಿ ಇನ್ಫೋಸಿಸ್ ಷೇರಿನ ಮುಂದೆ ಐಎಸ್‌ಐಎನ್ (ಷೇರು, ಬಾಂಡುಗಳನ್ನು ಗುರುತಿಸುವ ಅಂತರರಾಷ್ಟ್ರೀಯ ನಂಬರ್) ಐಎನ್ಇ009ಎ01021 ಅಂತ ಇದೆ. ಅಮೆರಿಕದಲ್ಲಿರುವ ಅಣ್ಣನ ಹತ್ತಿರವೂ ಇನ್ಫೋಸಿಸ್ ಇದೆ, ಆದರೆ ಅವನದು ಯುಎಸ್4567881085. ಇಡೀ ಜಗತ್ತಿಗೆ ಒಂದೇ ನಂಬರ್ ಅಲ್ವಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಷೇರುಪೇಟೆ_ಹಳಬ:
ಈ ನಂಬರ್ ಕಂಪನಿಗೆ ಕೊಡುವುದಲ್ಲ. ಕಂಪನಿ ಹೊರಡಿಸಿದ ಒಂದೊಂದು ಬಗೆಯ ಷೇರಿಗೆ, ಬಾಂಡಿಗೆ ಬೇರೆ ಬೇರೆಯಾಗಿ ಕೊಡುವುದು. ಅಣ್ಣನ ಹತ್ತಿರ ಇರುವುದು ಎಡಿಆರ್, ಅಂದರೆ ಇಲ್ಲಿನ ಷೇರುಗಳನ್ನು ಆಧಾರವಾಗಿಟ್ಟುಕೊಂಡು ಅಮೆರಿಕದಲ್ಲಿ ಕೊಟ್ಟ ರಸೀದಿ. ಹಾಗಾಗಿ ಅದಕ್ಕೆ ಅಲ್ಲಿನದೇ ನಂಬರ್. ಅಮೆರಿಕದವರು ಷೇರು ಗುರುತಿಸಲು ಬಳಸುವ 9 ಅಕ್ಷರಗಳ ಕ್ಯೂಸಿಪ್ ನಂಬರಿಗೆ ಮುಂದೆ ಯುಎಸ್, ಹಿಂದೆ ಒಂದು ಅಂಕಿ ಸೇರಿಸಿದರೆ ಅವರ ಐಎಸ್‌ಐಎನ್ ಆಯಿತು.

ಅಪ್ಪನದನ್ನು ಹೀಗೆ ಓದಿ: ಐಎನ್ ಅಂದರೆ ಭಾರತ, ಇ ಅಂದರೆ ಕಂಪನಿ (ಮ್ಯೂಚುವಲ್ ಫಂಡ್ ಆದರೆ ಅಲ್ಲಿ ಎಫ್ ಇರುತ್ತದೆ), 009ಎ ಇನ್ಫೋಸಿಸ್‌ನ ಗುರುತು, 01 ಈಕ್ವಿಟಿ ಷೇರು, 02 ಅದರ ಸರಣಿ, ಕೊನೆಯ 1 ತಾಳೆ ನೋಡುವ ಅಂಕಿ. ನಮ್ಮಲ್ಲಿ ಕಂಪನಿ ಷೇರುಗಳಿಗೆ ಇದನ್ನು ಕೊಡುವುದು ಎನ್‌ಎಸ್‌ಡಿಎಲ್, ಅಂದರೆ ಡಿಮ್ಯಾಟ್ ಷೇರುಗಳ ಲೆಕ್ಕ ಇಡುವ ಸಂಸ್ಥೆ. ಎನ್‌ಎಸ್‌ಇ, ಬಿಎಸ್‌ಇ ಎರಡು ಷೇರುಪೇಟೆಗಳಲ್ಲಿ ಎಲ್ಲಿ ಕೊಂಡರೂ ನಂಬರ್ ಇದೇ, ಅದಕ್ಕೇ ಒಂದು ಕಡೆ ಕೊಂಡಿದ್ದನ್ನು ಇನ್ನೊಂದು ಕಡೆ ಮಾರಬಹುದು.

ಲೆಕ್ಕದ_ಮೇಷ್ಟ್ರು:
ಆ ಕೊನೆಯ ಅಂಕಿ ನನಗೆ ತುಂಬಾ ಇಷ್ಟವಾದ ಭಾಗ. ಇಂಗ್ಲಿಷ್ ಅಕ್ಷರಗಳನ್ನು ಅಂಕಿ ಮಾಡಿಕೊಳ್ಳಿ, ಎ ಅಂದರೆ 10, ಬಿ 11, ಹೀಗೆ ಝಡ್ 35ರವರೆಗೆ. ಕೊನೆಯ 1 ಬಿಟ್ಟರೆ 18 23 14 0 0 9 10 0 1 0 2 ಬರುತ್ತದೆ. ಇದನ್ನು ಬಿಡಿ ಅಂಕಿಗಳಾಗಿ ಬರೆದು, ಬಲಗಡೆಯಿಂದ ಶುರುಮಾಡಿ ಒಂದು ಬಿಟ್ಟು ಒಂದನ್ನು ದುಪ್ಪಟ್ಟು ಮಾಡಿ, 9 ದಾಟಿದರೆ ಅದರ ಎರಡೂ ಅಂಕಿ ಕೂಡಿಸಿ, ಆಮೇಲೆ ಎಲ್ಲವನ್ನೂ ಕೂಡಿಸಿದರೆ 39. ಮುಂದಿನ ಹತ್ತಕ್ಕೆ ಬೇಕಾದದ್ದು 1! ಯಾವುದಾದರೂ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ಕ್ರೆಡಿಟ್ ಕಾರ್ಡ್ ನಂಬರಿಗೂ ಇದೇ ಲೂನ್ ಲೆಕ್ಕ.

ತುಂಗಾತೀರ:
ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ, ಥ್ಯಾಂಕ್ಸ್ ಮೇಷ್ಟ್ರೇ. ಇನ್ನೊಂದು, ಈ ನಂಬರ್ ಯಾವತ್ತಾದರೂ ಬದಲಾಗುತ್ತದಾ?

ಷೇರುಪೇಟೆ_ಹಳಬ:
ಆಗುತ್ತದೆ. ಬೋನಸ್ ಷೇರು ಕೊಟ್ಟರೆ ಆಗುವುದಿಲ್ಲ, ಮುಖಬೆಲೆ ಒಡೆದರೆ (ಒಂದು ಷೇರನ್ನು ಕಡಿಮೆ ಮುಖಬೆಲೆಯ ಹೆಚ್ಚು ಷೇರುಗಳಾಗಿ ಮಾಡಿದರೆ) ಆಗುತ್ತದೆ. 2019ರಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ 2 ರೂಪಾಯಿ ಮುಖಬೆಲೆಯನ್ನು 1 ರೂಪಾಯಿಗೆ ಒಡೆದಾಗ ಐಎನ್ಇ040ಎ01026 ಹೋಗಿ ಐಎನ್ಇ040ಎ01034 ಬಂತು. ಸರಣಿ 02 ಇದ್ದದ್ದು 03 ಆಯಿತು ನೋಡಿ. ಅಪ್ಪನ ಹಳೆಯ ಸ್ಟೇಟ್‌ಮೆಂಟಿನಲ್ಲಿ ಬೇರೆ ನಂಬರ್ ಕಂಡರೆ ಗಾಬರಿ ಬೇಡ, ಡಿಮ್ಯಾಟ್ ಖಾತೆಯಲ್ಲಿ ಅದು ತಾನಾಗಿಯೇ ಬದಲಾಗಿರುತ್ತದೆ. ಆದರೆ ಷೇರು ವರ್ಗಾಯಿಸಲು ಕೊಡುವ ಸೂಚನಾ ಚೀಟಿ (ಡಿಐಎಸ್ ಸ್ಲಿಪ್) ತುಂಬುವಾಗ ಹೊಸ ಸ್ಟೇಟ್‌ಮೆಂಟ್ ನೋಡಿಯೇ ಬರೆಯಿರಿ.