ಸಹಾಯ ಬೇಕು: ಇಂಗ್ಲಿಷ್ ಪ್ಯಾಸೇಜ್ ಓದುವುದರಲ್ಲೇ ಸಮಯ ಮುಗಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಪರೀಕ್ಷೆ ಇದೆ. ಗ್ರಾಮರ್ ಹೇಗೋ ನಡೆಯುತ್ತಿದೆ. ‘ಯೆಸ್ಟರ್‌ಡೇ’ ಇದ್ದರೆ ‘ಹ್ಯಾವ್ ಸೀನ್’ ಅಲ್ಲ, ‘ಸಾ’ ಬರಬೇಕು. ‘ಡಿಸ್ಕಸ್’ ಆದಮೇಲೆ ‘ಅಬೌಟ್’ ಬೇಡ. ಇವೆಲ್ಲ ತಪ್ಪು ಮಾಡಿ ಮಾಡಿಯೇ ತಲೆಗೆ ಹತ್ತಿವೆ. ‘ಎ’, ‘ದಿ’ ಮಾತ್ರ ಇನ್ನೂ ಕಾಡುತ್ತವೆ. ಕನ್ನಡದಲ್ಲಿ ಅವು ಇಲ್ಲವೇ ಇಲ್ಲ, ಅಲ್ವಾ!

ಜಾಸ್ತಿ ತೊಂದರೆ ಪ್ಯಾಸೇಜ್‌ನದು. ಉತ್ತರ ನೇರವಾಗಿ ಇದ್ದರೆ ಹುಡುಕಿಬಿಡುತ್ತೇನೆ. ಲೇಖಕರ ಅಭಿಪ್ರಾಯ ಏನು ಅಂತ ಕೇಳಿದರೆ ಎರಡು ಆಯ್ಕೆಗಳ ಮಧ್ಯೆ ಸಿಕ್ಕಿಕೊಳ್ಳುತ್ತೇನೆ. ‘ಆಲ್ವೇಸ್’, ‘ಓನ್ಲಿ’ ಇರುವ ಆಯ್ಕೆಯನ್ನು ಅನುಮಾನದಿಂದ ನೋಡು ಅಂತ ಗೆಳತಿ ಹೇಳಿದ್ದಳು. ಸ್ವಲ್ಪ ಉಪಯೋಗವಾಯಿತು, ಪ್ರತಿ ಸಲ ಅಲ್ಲ.

ಮೊದಲು ಪ್ರಶ್ನೆ ಓದಬೇಕಾ, ಪ್ಯಾಸೇಜಾ? ಗೊತ್ತಿಲ್ಲದ ಪದ ಬಂದರೆ ನೀವೇನು ಮಾಡುತ್ತೀರಿ? ದಿನಾ ಒಂದು ಪ್ಯಾಸೇಜ್ ಜೊತೆಗೆ ಬಿಡಿಸುವವರಿದ್ದರೆ ದಯವಿಟ್ಟು ತಿಳಿಸಿ.